ಮೊದಲ ಹೂವಿನ ಪುಟಕ್ಕೆ ಬಂದಾಗ ನೀವು ಒಯ್ದ ಪುಸ್ತಕ

ಹೂವಿನಹಡಗಲಿ
ಮೇ 1999

ವಾಚನಾಲಯಗಳ ತಪಾಸಣೆ ಮಾಡುವ ಅಧಿಕಾರಿಗಳೇ,

ಕಳೆದ ತಿಂಗಳು ನಮ್ಮ ಓಣಿಯ ವಾಚನಾಲಯದಿಂದ ತಾವು ಒಯ್ದ ಪುಸ್ತಕವನ್ನು ಕೂಡಲೇ ಹಿಂದಿರುಗಿಸಬೇಕು. ನೂರಾ ಹನ್ನೆರಡು ಪುಟಗಳಲ್ಲಿ ನಾವಿನ್ನೂ ಅರವತ್ತೊಂದರಲ್ಲಿದ್ದೆವು. ಕೋಟ್ಯಂತರ ವರ್ಷಗಳ ಹಿಂದೆ ಬದುಕಿ ಅಳಿದುಹೋದ ಪ್ರಾಣಿಗಳ ಪುಸ್ತಕ ಅದು. ತಪಾಸಣೆಯ ವಹಿಯಲ್ಲಿ ತಾವು ಬರೆದ ಷರಾವನ್ನು ಮೂರು ಸಲ ಓದಿದೆ: ‘ಇದರಲ್ಲಿನ ಪ್ರಾಣಿಗಳು ಈಗ ಇಲ್ಲವಾದ್ದರಿಂದ ಓದುಗರಿಗೆ ಉಪಯೋಗವಿಲ್ಲ. ಹಿಂಪಡೆಯಲಾಗಿದೆ.’ ಮಾನ್ಯರೇ, ಅದೇ ಕಪಾಟಿನಲ್ಲಿ ರಾಜಮಹಾರಾಜರ ಚರಿತ್ರೆಗಳು ಹದಿನಾಲ್ಕಿವೆ. ಅವರಲ್ಲಿ ಒಬ್ಬರಾದರೂ ಇತ್ತೀಚೆಗೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದುದನ್ನು ತಾವು ಕಂಡಿದ್ದೀರಾ?

ಉಪಯೋಗವೇನೆಂದು ನಾನು ಹೇಳುತ್ತೇನೆ. ನಾವು ಐದು ಮಂದಿ ಹೆಂಗಸರು ಮಧ್ಯಾಹ್ನದ ಹೊತ್ತು ವಾಚನಾಲಯದ ಕಟ್ಟೆಯ ನೆರಳಿನಲ್ಲಿ ಕೂತು ಮಲ್ಲಿಗೆ ಕಟ್ಟುತ್ತೇವೆ. ಹತ್ತನೆಯ ತರಗತಿಯವರೆಗೆ ಹೋದವಳು ನಾನೊಬ್ಬಳೇ. ಹಾಗಾಗಿ ನಾನು ಗಟ್ಟಿಯಾಗಿ ಓದುತ್ತೇನೆ, ನನ್ನ ಪಾಲಿನ ಹೂವನ್ನು ಉಳಿದ ನಾಲ್ವರು ಕಟ್ಟಿಕೊಡುತ್ತಾರೆ. ಆ ಪುಸ್ತಕ ತೆರೆದ ದಿನದಿಂದ ನಮಗೆ ಮೊಗ್ಗು ಬಿಡಿಸುವುದಕ್ಕೂ ಪುರಸತ್ತಿಲ್ಲದಷ್ಟು ನಗು. ಉದ್ದ ಕತ್ತಿನ ಡೈನೋಸಾರಿನ ಚಿತ್ರ ನೋಡಿ ನಮ್ಮಲ್ಲಿ ಹಿರಿಯಳಾದ ಅಂಜಿನಕ್ಕ, “ಇದು ನೀರು ಕುಡಿದ್ರ ಹೊಟ್ಟಿಗೆ ಮುಟ್ಟಾಕ ಎಷ್ಟು ಹೊತ್ತು ಬೇಕಾದೀತಲೇ?” ಎಂದಳು. ಅದರ ಉದ್ದ ಎಂಬತ್ತು ಅಡಿ ಎಂದು ನಾನು ಓದಿದ್ದೇ ತಡ, ಶಹಜಾನಬಿ ಹೂವಿನ ದಾರದ ಉಂಡೆ ಹಿಡಿದು ಎದ್ದಳು. ಆಕೆಯ ಗಂಡನ ಗ್ಯಾರೇಜಿನಿಂದ ಅಳತೆಯ ಟೇಪು ಬಂತು. ವಾಚನಾಲಯದ ಕಂಬಕ್ಕೆ ತಲೆ ಕಟ್ಟಿದೆವು, ಬಾಲ ಹಿಟ್ಟಿನ ಗಿರಣಿ ದಾಟಿತು. ಗಿರಣಿಯವನು ಹೊರಗೆ ಬಂದು, ಇದೇನು ದಾರ ಎಂದು ಕೇಳಿದ. “ಪ್ರಾಣಿ ಮಲಗೈತ್ರಿ, ಬಾಲ ತುಳೀಬ್ಯಾಡ್ರಿ” ಎಂದಳು ಶಹಜಾನಬಿ. ಆತ ತನಗರಿವಿಲ್ಲದೆಯೇ ಕಾಲೆತ್ತಿ ದಾರ ದಾಟಿಕೊಂಡು ಹೋದ. ಸಂಜೆಯವರೆಗೆ ಓಣಿಯ ಜನರೆಲ್ಲ ಹಾಗೇ ದಾಟಿಕೊಂಡು ಓಡಾಡಿದರು.

ಅರವತ್ತೊಂದನೆಯ ಪುಟಕ್ಕೆ ಬಂದಾಗ ಮಾತ್ರ ಎಲ್ಲರ ಕೈಗಳೂ ನಿಂತವು. ಆ ಪ್ರಾಣಿಗಳು ಮೊದಲು ಹುಟ್ಟಿದ ಕಾಲದಲ್ಲಿ ಭೂಮಿಯ ಮೇಲೆ ಎಲ್ಲಿಯೂ ಒಂದು ಹೂವೂ ಇರಲಿಲ್ಲವಂತೆ. ಮಡಿಲ ತುಂಬ ಮಲ್ಲಿಗೆ ಇಟ್ಟುಕೊಂಡು ಕೂತವರಿಗೆ ಇದನ್ನು ಹೇಳಿ ನೋಡಿ, ಮಾನ್ಯರೇ. “ಹೂವಿಲ್ಲದ ಊರಾಗ ಅಷ್ಟು ದೊಡ್ಡ ಮೈ ಹೊತ್ಕೊಂಡು ಹೆಂಗ ಬದುಕಿದ್ವಲೇ ನಾಗಿ?” ಎಂದು ಅಂಜಿನಕ್ಕ ನನ್ನನ್ನು ಕೇಳಿದಳು. ಮುಂದಿನ ಅಧ್ಯಾಯದ ಹೆಸರು ‘ಮೊದಲ ಹೂವು’. ನಾಳೆ ಓದೋಣವೆಂದು ಮಡಚಿಟ್ಟೆವು. ಮರುದಿನ ಬೆಳಿಗ್ಗೆ ತಮ್ಮ ಜೀಪು ಬಂತು.

ಎಂಟು ದಿನ ಕಾದೆವು. ಒಂಬತ್ತನೆಯ ದಿನ ನಾನು, ಅಂಜಿನಕ್ಕ, ಶಹಜಾನಬಿ ಮೂವರೂ ಮೊದಲ ಬಸ್ಸು ಹತ್ತಿ ಬಳ್ಳಾರಿಯ ತಮ್ಮ ಕಚೇರಿಗೆ ಬಂದೆವು. ತಾವು ಪ್ರವಾಸದಲ್ಲಿದ್ದಿರಿ, ಬಹುಶಃ ಇನ್ನೊಂದು ಊರನ್ನು ಅನುಪಯುಕ್ತ ಜ್ಞಾನದಿಂದ ಪಾರುಮಾಡುತ್ತಿದ್ದಿರಿ. ಪುಸ್ತಕ ಅಲ್ಲಿನ ಗುಮಾಸ್ತ ಯರ್ರಿಸ್ವಾಮಿಯವರ ಕಪಾಟಿನಲ್ಲಿತ್ತು.

“ಸಾಹೇಬ್ರ ಸಹಿ ಇಲ್ದ ಪುಸ್ತಕ ಹೊರಗ ಬಿಡಾಕ ಬರಂಗಿಲ್ರಿ” ಎಂದರು ಅವರು.

“ಹೊರಗ ಯಾಕ್ರಿ, ಇಲ್ಲೇ ಕೂತು ಓದ್ತೀವಿ” ಎಂದಳು ಶಹಜಾನಬಿ.

ಅದನ್ನು ತಡೆಯುವ ನಿಯಮ ಅವರಿಗೆ ತಕ್ಷಣ ನೆನಪಾಗಲಿಲ್ಲ. ನಾವು ನೆಲದ ಮೇಲೆ ಕೂತೆವು. ನಾನು ಓದಿದೆ. ಮೊದಲ ಹೂವು ಉಗುರಿಗಿಂತ ಸಣ್ಣದಿರಬಹುದಂತೆ. ಅದರ ಬಣ್ಣ ಯಾರಿಗೂ ಖಚಿತವಿಲ್ಲ, ವಾಸನೆ ಇತ್ತೋ ಇಲ್ಲವೋ ತಿಳಿಯದು. ಸುತ್ತ ಮನೆಯಷ್ಟು ಎತ್ತರದ ಪ್ರಾಣಿಗಳು ತಿರುಗಾಡುತ್ತಿದ್ದವು. ಅಂಜಿನಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಂಥಾ ದಾಂಡಿಗರ ಕಾಲಾಗ ಅರಳೇತಲ್ಲ, ಎಷ್ಟು ಧೈರ್ಯ ನೋಡ ಅದಕ್ಕ.” ಯರ್ರಿಸ್ವಾಮಿಯವರು ಕಡತ ಮುಚ್ಚಿ, ಕುರ್ಚಿಯನ್ನು ಈಚೆ ಎಳೆದುಕೊಂಡು, “ಆ ಸಾಲು ಇನ್ನೊಮ್ಮಿ ಓದ್ರಿ” ಎಂದರು. ಆಮೇಲೆ ಜವಾನರು ಬಂದರು, ಪಕ್ಕದ ಕೋಣೆಯ ಟೈಪಿಸ್ಟಮ್ಮ ಬಂದರು. ಆ ದಿನ ತಮ್ಮ ಕಚೇರಿಯಿಂದ ಒಂದೂ ಪತ್ರ ಹೊರಟಿಲ್ಲವಾದರೆ ಕಾರಣ ನಾವೇ. ಕ್ಷಮೆ ಕೇಳುವುದಿಲ್ಲ.

ಬಸ್ಸಿನ ಹೊತ್ತಾದಾಗ ತೊಂಬತ್ತೆಂಟನೆಯ ಪುಟ ಮುಗಿದಿತ್ತು. ಯರ್ರಿಸ್ವಾಮಿಯವರು ಬೇಸರದಿಂದಲೇ ಪುಸ್ತಕವನ್ನು ಕಪಾಟಿಗಿಟ್ಟು ಬೀಗ ಹಾಕಿದರು. ಉಳಿದ ಹದಿನಾಲ್ಕು ಪುಟಗಳಲ್ಲಿ ಆ ಪ್ರಾಣಿಗಳೆಲ್ಲ ಸಾಯುತ್ತವೆ. ದಾರಿಯುದ್ದಕ್ಕೂ ನಾವು ಅದನ್ನೇ ಮಾತಾಡಿದೆವು. ನನಗೆ ಓದುವ ಧೈರ್ಯವಿಲ್ಲವೆಂದು ಒಪ್ಪಿಕೊಂಡೆ. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಅಂಜಿನಕ್ಕ ತೀರ್ಮಾನ ಹೇಳಿದಳು: “ಅದನ್ನ ಸಾಹೇಬ್ರೇ ಓದ್ಲಿ. ಅವು ಇಲ್ಲ ಅಂತ ಬರಿಯಾಕ ಅವರಿಗೆ ಏನೂ ಅನ್ನಿಸಿಲ್ಲ.”

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಬರುವ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ತಾವೇ ಪುಸ್ತಕದೊಂದಿಗೆ ನಮ್ಮ ಕಟ್ಟೆಗೆ ಬರಬೇಕು. ಯರ್ರಿಸ್ವಾಮಿಯವರನ್ನೂ ಕರೆತರಬೇಕು, ಅವರಿಗೂ ಮುಂದಿನದು ತಿಳಿಯಬೇಕಂತೆ. ಕೊನೆಯ ಹದಿನಾಲ್ಕು ಪುಟಗಳನ್ನು ತಾವು ನಮ್ಮೆದುರು ಗಟ್ಟಿಯಾಗಿ ಓದಬೇಕು. ನಡುವೆ ಓದಲಾಗದಿದ್ದರೆ ನಿಲ್ಲಿಸಿ, ಯಾರೂ ಏನೂ ಅನ್ನುವುದಿಲ್ಲ. ಓದಿ ಮುಗಿಸಿದ ಮೇಲೆ, ಆ ಪುಸ್ತಕವನ್ನು ಎಲ್ಲಿಡಬೇಕೆಂದು ತಾವೇ ಹೇಳಿ.

ಇಂತಿ,
ತಪಾಸಣೆಯ ದಿನ ತಮಗೆ ಎರಡು ಸಲ ಚಹಾ ತಂದುಕೊಟ್ಟು, ಈಗ ಅದಕ್ಕಾಗಿ ಕೈ ಕೈ ಹಿಸುಕಿಕೊಳ್ಳುತ್ತಿರುವ
ನಾಗಲಿಂಗಮ್ಮ