ಎರಡು ಒಂಟಿ ಮಂಚ

ರೀ,

ನೀವು ಏಳುವಷ್ಟರಲ್ಲಿ ನಾನು ಬ್ಯಾಂಕಿಗೆ ಹೊರಟಿರುತ್ತೇನೆ. ಇಂಟರ್ನೆಟ್‌ನಲ್ಲಿ ಹುಡುಕಿ ಗೊತ್ತುಮಾಡಿದೆವಲ್ಲ, ತಿರುವೊಟ್ಟಿಯೂರಿನ ಬಡಗಿ ಏಳುಮಲೈ, ಅವರು ಇವತ್ತು ಮಂಚ ತರುತ್ತಾರೆ. ಲಿಫ್ಟಿನಲ್ಲಿ ಹಿಡಿಸುವುದಿಲ್ಲ, ಮೆಟ್ಟಿಲ ಮೇಲೆಯೇ ಹೊತ್ತು ತರಬೇಕು. ನೀವು ಕೈ ಹಾಕಲು ಹೋಗಬೇಡಿ, ಸೊಂಟ ಹಿಡಿದೀತು. ಅವರಿಗೆ ಕಾಫಿ ಫ್ಲಾಸ್ಕಿನಲ್ಲಿದೆ.

ಬರುವುದು ಡಬಲ್ ಕಾಟ್ ಅಲ್ಲ, ಎರಡು ಒಂಟಿ ಮಂಚ. ನಾನೇ ಫೋನ್ ಮಾಡಿ ಬದಲಾಯಿಸಿದೆ. "ಸಿಂಗಲ್ ಕಟ್ಟಿಲಾ ಮೇಡಂ? ಪಿಳ್ಳೈಗಳುಕ್ಕಾ?" ಎಂದು ಕೇಳಿದರು. ಮಕ್ಕಳಿಗಲ್ಲ, ನಮಗೇ ಎಂದೆ. ಅವರು ಅಳತೆ ಬರೆದುಕೊಂಡರು.

ನಿಮ್ಮ ಕೆಮ್ಮಿನಿಂದ ನನ್ನ ನಿದ್ದೆ ಕೆಡುತ್ತದೆಂದು ಬೇಸಿಗೆಯಲ್ಲಿ ಹಾಲ್‌ನ ಸೋಫಾಕ್ಕೆ ಹೋದವರು ಇನ್ನೂ ಹಿಂದಿರುಗಿಲ್ಲ. "ನೀವಿಬ್ಬರೂ ಜಗಳ ಆಡಿದ್ದೀರಾ ಅತ್ತಿಗೆ?" ಎಂದು ನಿಮ್ಮ ತಂಗಿ ಕೇಳಿಯೂ ಬಿಟ್ಟಳು.

ಎರಡು ಮಂಚವನ್ನೂ ನಮ್ಮ ಕೋಣೆಯಲ್ಲೇ ಹಾಕಿಸಿ. ನಡುವೆ ಕೈ ಚಾಚಿದರೆ ಎಟಕುವಷ್ಟು ಜಾಗವಿರಲಿ. ಕಿಟಕಿ ಪಕ್ಕದ್ದು ನಿಮಗೆ. ವಾರ್ನಿಷ್ ವಾಸನೆ ಹೋಗುವಂತೆ ಫ್ಯಾನ್ ಹಾಕಿಡಿ.

ಇವತ್ತು ಒಳಗೇ ಮಲಗಿ. ಕೆಮ್ಮು ಬಂದರೆ ಕೆಮ್ಮಿ. ನೀವು ಹಾಲ್‌ನಲ್ಲಿ ಕೆಮ್ಮಿದರೂ ನನಗೆ ಎಚ್ಚರವಾಗುತ್ತಲೇ ಇತ್ತು.

ಮಧುರಾ