ಹಾಸಿಗೆ ಬಟ್ಟೆಯ ಜೊತೆ ಕುದಿದ ಪಟ್ಟಿ

ಆಸ್ಪತ್ರೆಯ ಉಪಕರಣ ಭಂಡಾರದ ಮುಖ್ಯಾಧಿಕಾರಿಗಳೇ,

ನನ್ನ ಪಾದದ ಕೀಲನ್ನು ಸರಿಪಡಿಸುವ ಸಲಕರಣೆಗಳ ಪೆಟ್ಟಿಗೆ ನಿಮ್ಮ ಬೀಗದೊಳಗಿದೆ. ಅದನ್ನು ಬಳಸಬಲ್ಲ ವೈದ್ಯರು ಅದೇ ಕಟ್ಟಡದಲ್ಲಿದ್ದಾರೆ. ಕೀಲು ಹೇಗೂ ನನ್ನ ಹತ್ತಿರವೇ ಇದೆ. ಈ ಮೂರನ್ನೂ ಒಂದು ಕೋಣೆಯಲ್ಲಿ ಸೇರಿಸಲು ಮಾತ್ರ ನಿಮ್ಮಿಂದ ಆಗುತ್ತಿಲ್ಲ.

ನಾನು ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದ ಅಜ್ಜಿಯೊಬ್ಬರನ್ನು ಎತ್ತಿ ಹೊರಗೆ ದಾಟಿಸಿ, ನಾನು ಧುಮುಕುವಾಗ ಪಾದ ಮಡಚಿಕೊಂಡಿತು. ಕೀಲಿನೊಳಗೆ ಮೂಳೆಗೆ ಹೊದಿಕೆಯಾಗಿರುವ ಮೃದ್ವಸ್ಥಿಯ ಚೂರೊಂದು ಕಿತ್ತು ಎದ್ದಿದೆ. ಕಾಲೂರಿದರೆ ಕಣ್ಣು ಕತ್ತಲೆ ಬರುತ್ತದೆ. ನಾನಿರುವುದು ನಾಲ್ಕನೇ ಮಹಡಿ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಗು ಬಂದರೆ ನಕ್ಕುಬಿಡಿ, ನನ್ನ ಹೆಂಡತಿಯೂ ಮೊದಲ ದಿನ ನಕ್ಕಳು. ಈಗ ಬೀದಿಯಲ್ಲಿ ಹೋಗುವವರ ನೆತ್ತಿ ನೋಡಿಯೇ ಯಾರೆಂದು ಹೇಳುವಷ್ಟು ನಾನು ಪಳಗಿದ್ದೇನೆ. ಸಂಜೆ ಕಿಟಕಿ ಮುಚ್ಚಲಾ ಎಂದು ಅವಳು ಕೇಳುತ್ತಾಳೆ, ನಾನು ಬೇಡ ಎನ್ನುತ್ತೇನೆ. ಮುಚ್ಚಿದರೆ ಕೋಣೆ ಕೆಟ್ಟು ನಿಂತ ಲಿಫ್ಟಿನ ಹಾಗಾಗುತ್ತದೆ.

ಪಾದದ ಕೀಲು ಬಲು ಇಕ್ಕಟ್ಟಂತೆ, ಮೊಣಕಾಲಿನ ಸಲಕರಣೆ ಅಲ್ಲಿ ನಡೆಯದಂತೆ. ಅದಕ್ಕೆಂದೇ ಸಣ್ಣ ಕ್ಯಾಮೆರಾ, ಎದ್ದ ಚೂರನ್ನು ಕೆರೆದು ತೆಗೆಯುವ ಪುಟ್ಟ ಚಮಚ, ಮೂಳೆಯಲ್ಲಿ ಸೂಕ್ಷ್ಮ ತೂತು ಕೊರೆಯುವ ಬಾಗಿದ ಮೊನೆ, ಮತ್ತೆ ಕೀಲು ತುಸು ಬಾಯ್ಬಿಡುವಂತೆ ಪಾದವನ್ನು ಎಳೆದು ಹಿಡಿಯುವ ಪಟ್ಟಿ, ಇಷ್ಟೂ ಸೇರಿ ಒಂದು ಪೆಟ್ಟಿಗೆ. ಪೆಟ್ಟಿಗೆ ಬಂದಾಗ ಲೋಹದ್ದನ್ನೆಲ್ಲ ನಿಮ್ಮವರು ಭಂಡಾರಕ್ಕೆ ಸೇರಿಸಿಕೊಂಡರು. ಪಟ್ಟಿ ಬಟ್ಟೆಯದು ತಾನೇ? ಬಟ್ಟೆ ಎಂದ ಮೇಲೆ ಒಗೆಯುವ ವಿಭಾಗಕ್ಕೆ ಕಳಿಸಿದರು. ಅವರು ಶ್ರದ್ಧೆಯಿಂದ ಅದನ್ನು ಹಾಸಿಗೆ ಬಟ್ಟೆಗಳ ಜೊತೆ ಕುದಿಸಿದರು. ಈಗದು ಗೊಂಬೆಯ ಪಾದಕ್ಕೆ ಹೇಳಿ ಮಾಡಿಸಿದಂತಿದೆ.

ಇಷ್ಟೇ ಆಗಿದ್ದರೆ ಎಡವಟ್ಟು ಎಂದು ಸುಮ್ಮನಾಗಬಹುದಿತ್ತು. ಆಮೇಲಿನದು ನಿಮ್ಮ ಕಚೇರಿಯ ಪ್ರತಿಭೆ. ಒಂದು ವಸ್ತು ಸರಿಯಿಲ್ಲದಿದ್ದರೂ ಪೆಟ್ಟಿಗೆ ತೆರೆಯಕೂಡದು ಎಂಬುದು ನಿಮ್ಮ ನಿಯಮ. ಹೊಸ ಪಟ್ಟಿ ಬೇಕಾದರೆ ಹಳೆಯದು ಕಳೆದಿರಬೇಕು, ಇಲ್ಲವೇ ಶಸ್ತ್ರಚಿಕಿತ್ಸೆಯಲ್ಲಿ ಬಳಸಿ ಹಾಳಾಗಿರಬೇಕು ಎಂಬುದೂ ನಿಮ್ಮದೇ. ಪೆಟ್ಟಿಗೆ ತೆರೆಯದೆ ಶಸ್ತ್ರಚಿಕಿತ್ಸೆ ಹೇಗೆ ಸ್ವಾಮಿ? ಭಾವಮೈದುನನ ಬೆನ್ನೇರಿ ಇಳಿದುಬಂದು ಇದನ್ನೇ ಕೇಳಿದೆ. ನಿಮ್ಮ ಭಂಡಾರದವರು ಆ ಪಟ್ಟಿಯನ್ನು ಮೇಜಿನ ಮೇಲೆ ನೀಟಾಗಿ ಹರಡಿ ತೋರಿಸಿದರು.

"ಕಳೆದಿದ್ರೆ ಹೊಸದು ತರಿಸಬಹುದಿತ್ತು. ಕಳೆದಿಲ್ವಲ್ಲ, ಇಲ್ಲೇ ಇದೆ."

ಹಾಗಾದರೆ ಕಳೆದುಬಿಡಿ ಎಂದು ಭಾವಮೈದುನ ಮೆಲ್ಲಗೆ ಹೇಳಿದ. ಅವರು ನೊಂದುಕೊಂಡರು. ತಮ್ಮ ಕೈಯಿಂದ ಈವರೆಗೆ ಒಂದು ಗುಂಡುಸೂಜಿಯೂ ಕಳೆದಿಲ್ಲವಂತೆ.

ವೈದ್ಯರ ಬಳಿ ಹೋದರೆ ಅವರದು ಇನ್ನೊಂದು ಸಂಕಟ.

"ಬ್ಯಾಂಡೇಜ್ ಬಟ್ಟೆ ಕಟ್ಟಿ ಎಳೆದ್ರೂ ಕೀಲು ಬಿಟ್ಕೊಳ್ಳುತ್ತೆ, ಹಿಂದೆ ಹಾಗೇ ಮಾಡ್ತಿದ್ವಿ. ಪೆಟ್ಟಿಗೆ ತೆಗೆಯೋಕೆ ಬಿಡಬೇಕಲ್ಲ."

ಇನ್ನೂ ತಡವಾದರೆ ಕೀಲು ಪೂರ್ತಿ ಸವೆಯುತ್ತದೆ, ಆಮೇಲೆ ಮೂಳೆಗಳನ್ನು ಬೆಸೆಯುವುದೊಂದೇ ದಾರಿ ಎಂದರು. ಬೆಸೆದ ಪಾದ ಬಾಗುವುದಿಲ್ಲ. ಆ ಪಾದದಲ್ಲಿ ನಾನು ಲಿಫ್ಟಿನ ಗುಂಡಿಗೆ ಏಣಿ ಇಳಿಯಲಾರೆ, ಬೇರೆ ಕೆಲಸ ನನಗೆ ಬರುವುದಿಲ್ಲ. ನನಗೆ ಭಯವಾಗಿದೆ, ಮುಚ್ಚಿಟ್ಟು ಏನು ಪ್ರಯೋಜನ?

ಆದ್ದರಿಂದ ಪಟ್ಟಿ ಇಲ್ಲದೆಯೇ ಪೆಟ್ಟಿಗೆ ತೆರೆಯಲು ಈ ವಾರವೇ ಅಪ್ಪಣೆ ಕೊಡಿ. ಪಟ್ಟಿಯ ವಿಚಾರಣೆಯನ್ನು ನೀವು ನಿವೃತ್ತರಾಗುವವರೆಗೂ ನಡೆಸಿಕೊಳ್ಳಿ, ನನ್ನ ತಕರಾರಿಲ್ಲ.

ಕೊನೆಗೊಂದು ಮಾತು. ನಿಮ್ಮ ಕಚೇರಿಯ ಲಿಫ್ಟನ್ನು ನೋಡಿಕೊಳ್ಳುತ್ತಿದ್ದವನೂ ನಾನೇ. ಒಮ್ಮೆ ಅದು ನಡುವೆ ನಿಂತಾಗ ಒಳಗಿದ್ದವರು ತಾವು. ಕತ್ತಲಿತ್ತು, ನನ್ನ ಮುಖ ನೆನಪಿರಲಾರದು. ಗಂಟೆಯನ್ನು ಬಿಡದೆ ಒತ್ತುತ್ತಿದ್ದಿರಿ. ಅಂದು ಆ ಲಿಫ್ಟಿನಲ್ಲಿ ಸರಿಯಿಲ್ಲದ ಭಾಗಗಳು ಬೇಕಾದಷ್ಟಿದ್ದವು. ಅವೆಲ್ಲ ಬರಲಿ ಎಂದು ನಾನು ಕಾಯಲಿಲ್ಲ. ಮೊದಲು ಬಾಗಿಲು ತೆರೆದೆ.

ಇಂತಿ,
ಈಗ ಗಂಟೆ ಒತ್ತುತ್ತಿರುವ
ನಿಮ್ಮ ಲಿಫ್ಟಿನವನು