ನಾಲ್ಕು ನಿಮಿಷದ ಬಿಸಿನೀರು

ಕುಷಾಯಿಗೂಡ, ಹೈದರಾಬಾದ್
18 ಡಿಸೆಂಬರ್ 2006, ಸೋಮವಾರ ಮಧ್ಯಾಹ್ನ

ಪ್ರೀತಿಯ ಸಾವಿತ್ರಕ್ಕಾ,

ನಿನ್ನ ಮೊಣಕಾಲು ಹೇಗಿದೆ? ಈ ಚಳಿಗೆ ಮತ್ತೆ ಹಿಡಿದುಕೊಂಡಿರಬೇಕು. ಎಣ್ಣೆ ಹಚ್ಚಿ ಕಾವು ಕೊಡುವುದನ್ನು ಬಿಡಬೇಡ. ಭಾವನವರ ಕೆಮ್ಮು ಕಡಿಮೆಯಾಯಿತೇ? ನೀನು ಕಳಿಸಿದ ಶೇಂಗಾ ಹೋಳಿಗೆ ಡಬ್ಬಿಯಲ್ಲಿ ಹಾಗೇ ಇದೆ, ಬೇಜಾರು ಮಾಡಿಕೊಳ್ಳಬೇಡ, ಐದು ದಿನದಿಂದ ನನಗೆ ಏನೂ ಸೇರುತ್ತಿಲ್ಲ. ಮೊನ್ನೆ ನೀನು ಫೋನಿನಲ್ಲಿ, “ತಮ್ಮನ ಹೆಸರು ಹೊರಗ ಬರಧಂಗ ನೋಡ್ಕೋ ಉಷಾ, ನಮಗ ಇದ್ದವ ಅವನೊಬ್ಬನ” ಎಂದೆ. ನಾನು ಫೋನ್ ಇಟ್ಟುಬಿಟ್ಟೆ. ನಿನಗೆ ಗೊತ್ತಿರುವುದು ತಮ್ಮ ಬಸವರಾಜ ಹೇಳಿದಷ್ಟು ಮಾತ್ರ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಎದುರಿಗೆ ಹೇಳಲು ಕೂತರೆ ನೀನು ಅಳುತ್ತೀ, ನಾನು ಮೆತ್ತಗಾಗುತ್ತೇನೆ.

ಅವನು ಹಳೆಯ ಮಿನಿಬಸ್ಸಿಗೆ ಪಟಾನ್‌ಚೆರುವಿನಲ್ಲಿ ಹೊಸ ಬಾಡಿ ಕಟ್ಟಿಸಿ, ಒಳಗೇ ಮಲಗಲು, ಅಡುಗೆ ಮಾಡಲು, ಸ್ನಾನಕ್ಕೆ ಎಲ್ಲ ಏರ್ಪಾಡು ಮಾಡಿ, ಯಾತ್ರೆಗೆ ಹೋಗುವವರಿಗೆ ಬಾಡಿಗೆಗೆ ಕೊಡುವುದು ನಿನಗೆ ಗೊತ್ತೇ ಇದೆ. ಗೀಸರ್ ಕಾರ್ಖಾನೆಯ ಕೆಲಸ ಬಿಟ್ಟು ಬಂದು ನಾನು ಮನೆಯ ಮುಂದೆ ಗ್ಯಾಸ್ ಗೀಸರ್ ರಿಪೇರಿಯ ಬೋರ್ಡ್ ಹಾಕಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಏಳನೇ ತಾರೀಖು ಗುರುವಾರ ಅವನೇ ಬಂದು ಕಟ್ಟೆಯ ಮೇಲೆ ಕೂತ. “ಸಣ್ಣಕ್ಕ, ಗಾಡ್ಯಾಗಿನ ಗೀಸರ್ ನಾಕು ನಿಮಿಷಕ್ಕ ಆರಾಕತ್ತೈತಿ. ಶನಿವಾರ ಮಂತ್ರಾಲಯಕ್ಕ ಒಂದು ಪಾರ್ಟಿ ಐತಿ. ನೀನ ನೋಡಬೇಕವಾ” ಎಂದ. ನನಗೆ ಹೆಮ್ಮೆಯಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ಅವನ ಸ್ಕೂಟರಿನ ಹಿಂದೆ ಕೂತು, ಗಾಡಿ ನಿಲ್ಲಿಸಿದ್ದ ಬೇಗಂಪೇಟೆಗೆ ಹೋದೆ.

ಗಾಡಿಯ ಹೊರಗೆಲ್ಲ ಹೊಳೆಯುವ ಚಿತ್ರಗಳು: ಗೋಪುರ, ಬೆಟ್ಟ, ನಗುವ ಸಂಸಾರ. ಒಳಗಿನ ಬಚ್ಚಲಿನ ಬಾಗಿಲು ತೆಗೆದರೆ, ಅಕ್ಕಾ, ಬರೀ ಹೊಲಸು. ಕಪಾಟಿನಷ್ಟು ಜಾಗ. ನೆಲದ ಮೇಲೆ ಲೋಳೆ. ನೀರು ಹೋಗುವ ತೂತಿಗೆ ಹಿಂದಿನ ಯಾತ್ರೆಯವರ ಕೂದಲು ಗಂಟುಗಟ್ಟಿ ಕೂತಿತ್ತು, ಮೂಲೆಯಲ್ಲಿ ಯಾರೋ ಬಿಟ್ಟುಹೋದ ಹಲ್ಲುಜ್ಜುವ ಬ್ರಷ್, ಗೋಡೆಯ ಮೇಲೆ ತಲೆಬಣ್ಣದ ಕಲೆ. ಬಸವರಾಜ ಮೂಗು ಮುಚ್ಚಿಕೊಂಡು ಸೆಂಟಿನ ಡಬ್ಬಿ ತಂದು ಒಂದು ಸಲ ಹೊಡೆದ. ಆ ಹೊಲಸಿನ ಮೇಲೆ ಮಲ್ಲಿಗೆಯ ವಾಸನೆ ಕೂತು ಇನ್ನಷ್ಟು ಹೇಸಿಗೆಯಾಯಿತು. ಸೆರಗು ಸಿಕ್ಕಿಸಿ ಮೊದಲು ಆ ಕೂದಲನ್ನು ಕಿತ್ತು ಹೊರಗೆ ಎಸೆದೆ. ಆಮೇಲೆ ಗೀಸರಿಗೆ ಕೈ ಹಚ್ಚಿದೆ.

ಕಿಡಿ ಹಾರಿಸುವ ಸೆಲ್ಲು ಹೊಸದಿತ್ತು. ಸಿಲಿಂಡರಿನ ಪೈಪಿಗೆ ಸಾಬೂನಿನ ನೀರು ಸವರಿ ನೋಡಿದೆ, ಗುಳ್ಳೆ ಏಳಲಿಲ್ಲ. ನೀರಿನ ಜಾಲರಿಯಲ್ಲಿ ಹಸಿರು ಪಾಚಿ, ಅದನ್ನು ತೊಳೆದೆ. ಬರ್ನರ್ ಬಿಚ್ಚಿದರೆ ಕೊಳವೆಯೊಳಗೆ ಜೇಡರ ಬಲೆ, ಅದರ ಮೇಲೆ ಕಪ್ಪು ಮಸಿ. ಉರಿ ಹಳದಿಯಾಗಿ ಏಳುತ್ತಿದ್ದುದು ಅದಕ್ಕೇ. ಎಲ್ಲ ಉಜ್ಜಿ ಕೂಡಿಸಿ ಹಚ್ಚಿದೆ, ಉರಿ ನೀಲಿಯಾಯಿತು. ಖುಷಿಯಿಂದ ಬಾಗಿಲು ಮುಚ್ಚಿ ಹೊರಗೆ ನಿಂತು ಗಡಿಯಾರ ನೋಡಿದೆ. ನಾಲ್ಕು ನಿಮಿಷಕ್ಕೆ ಮತ್ತೆ ಆರಿತು. ಬಾಗಿಲು ತೆರೆದಿಟ್ಟು ಹಚ್ಚಿದೆ, ಹತ್ತು ನಿಮಿಷವಾದರೂ ಆರಲಿಲ್ಲ. ಆಗ ತಿಳಿಯಿತು. ಒಳಗಿನ ಗಾಳಿ ಕೆಟ್ಟರೆ ಗ್ಯಾಸ್ ಬಂದ್ ಮಾಡುವ ಒಂದು ಸಣ್ಣ ಸೆನ್ಸರ್ ಆ ಗೀಸರಿನಲ್ಲಿರುತ್ತದೆ. ಅದು ಕೆಟ್ಟಿರಲಿಲ್ಲ, ತನ್ನ ಕೆಲಸ ಮಾಡುತ್ತಿತ್ತು. ಹೊರಗೆ ಹೋಗಿ ಹೊಗೆಯ ಕಿಂಡಿ ಹುಡುಕಿದರೆ ಕಿಂಡಿಯೇ ಇಲ್ಲ. ಆ ನಗುವ ಸಂಸಾರದ ಚಿತ್ರವನ್ನು ಅದರ ಮೇಲೆಯೇ ಅಂಟಿಸಿದ್ದರು. ಉಗುರಿನಿಂದ ಅಂಚು ಕೆರೆದು ಎಬ್ಬಿಸಿದೆ, ಒಳಗೆ ಚಿಂದಿ ಬಟ್ಟೆ ತುರುಕಿತ್ತು.

ಬಸವರಾಜ ಓಡಿ ಬಂದು ನನ್ನ ಕೈ ಹಿಡಿದ. “ಏ, ಹರೀಬ್ಯಾಡ ಸಣ್ಣಕ್ಕ, ಮೊನ್ನೆರ ಹಚ್ಚಿಸೀನಿ! ಆ ಕಿಂಡ್ಯಾಗಿಂದ ಧೂಳು ಬರ್ತದಂತ ಮಂದಿ ಬೈತಾರ.” ಕಿಂಡಿ ಬಿಡದಿದ್ದರೆ ಒಳಗಿದ್ದವರು ಸಾಯುತ್ತಾರೆ ಎಂದೆ. ವಿಷಗಾಳಿಗೆ ವಾಸನೆ ಇರುವುದಿಲ್ಲ, ತಲೆ ಸುತ್ತುವಷ್ಟರಲ್ಲಿ ಚಿಲಕ ತೆಗೆಯಲು ಕೈ ಏಳುವುದಿಲ್ಲ ಎಂದೂ ಬಿಡಿಸಿ ಹೇಳಿದೆ. ಅವನು ನಕ್ಕ. “ನಾಕು ನಿಮಿಷದಾಗ ಯಾರ ಸಾಯ್ತಾರವಾ? ಆ ಸೆನ್ಸರ್ ಅಷ್ಟ ಕಿತ್ತಾಕು. ಹೊರಗಿನ ಮಂದಿಗೆ ಮಾಡಿಕೊಡ್ತಿ, ತಮ್ಮಗ ಆಗೂದಿಲ್ಲೇನು?” ಆಗುವುದಿಲ್ಲ ಎಂದೆ. ಗ್ಯಾಸಿನ ವಾಲ್ವ್ ಮುಚ್ಚಿ, ಗೀಸರಿನ ಮೇಲೆ ಕೆಂಪು ಪೆನ್ನಿನಲ್ಲಿ “ಹಚ್ಚಬಾರದು, ಜೀವಕ್ಕೆ ಅಪಾಯ” ಎಂದು ಕನ್ನಡದಲ್ಲಿ, ತೆಲುಗಿನಲ್ಲಿ ಬರೆದೆ. ಚಿತ್ರ ಹರಿಸಿ ಕಿಂಡಿ ಬಿಡಿಸುತ್ತೇನೆ ಎಂದು ಮಾತು ಕೊಟ್ಟ. ಚಹಾ ತರಿಸಿದ. ಕುಡಿದು ಬಂದೆ, ಅಕ್ಕಾ. ಆ ಚಹಾ ನೆನೆದರೆ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ. ಬರ್ನರ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬರಬೇಕಿತ್ತು. ಹೊರಗಿನವರ ಮನೆಯಾಗಿದ್ದರೆ ಹಾಗೇ ಮಾಡುತ್ತಿದ್ದೆ.

ಹತ್ತನೇ ತಾರೀಖು ಭಾನುವಾರ ಬೆಳಿಗ್ಗೆ ಕರ್ನೂಲಿನ ಹತ್ತಿರ ಗಾಡಿ ನಿಲ್ಲಿಸಿ ಯಾತ್ರೆಯವರು ಒಬ್ಬೊಬ್ಬರೇ ಸ್ನಾನಕ್ಕೆ ಹೋಗಿದ್ದಾರೆ. ಮೂರನೆಯವರು ಪಾರ್ವತಿಬಾಯಿ, ಅರವತ್ತೆಂಟು ವರ್ಷದವರು. ಇಪ್ಪತ್ತು ನಿಮಿಷವಾದರೂ ಬರಲಿಲ್ಲವೆಂದು ಸೊಸೆ ನಲಿನಿ ಕಲ್ಲಿನಿಂದ ಚಿಲಕ ಒಡೆದು ಎಳೆದು ತಂದಳಂತೆ. ಕರ್ನೂಲಿನಲ್ಲಿ ಎರಡು ದಿನ ಇಟ್ಟು ಆಮೇಲೆ ಇಲ್ಲಿಯ ಆಸ್ಪತ್ರೆಗೆ ತಂದರು. ಸುದ್ದಿ ಕೇಳಿ ನಾನು ಬುಧವಾರ ಹೋದೆ. ನಾನು ಯಾರೆಂದು ಹೇಳುತ್ತಲೇ ನಲಿನಿ ಎದ್ದು ನಿಂತಳು. “ನೀವೇನ್ರಿ ಉಷಾಬಾಯಿ? ನಮ್ಮ ಅಕ್ಕನ ಖುದ್ದು ಚೆಕ್ ಮಾಡ್ಯಾಳ, ಕಾರ್ಖಾನ್ಯಾಗ ಇದ್ದಾಕಿ, ಏನೂ ಭಯ ಇಲ್ಲಂತ ನಿಮ್ಮ ತಮ್ಮ ಹೇಳಿದ್ರು. ನಾವು ನಿಮ್ಮ ಹೆಸರಿನ ಮ್ಯಾಲೆ ಸ್ನಾನ ಮಾಡಿದ್ವಿರಿ.” ಪಾರ್ವತಿಬಾಯಿ ಹಾಸಿಗೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ, “ಮಂತ್ರಾಲಯ ಬಂತೇನವಾ?” ಎಂದರು. ಇನ್ನೂ ಇಲ್ಲ ಎಂದೆ. ಅರೆ ನಿಮಿಷ ಬಿಟ್ಟು ಮತ್ತೆ ಅದನ್ನೇ ಕೇಳಿದರು. ನಾನಿದ್ದ ಒಂದು ತಾಸೂ ಹಾಗೇ ಕೇಳಿದರು. ಸರಿಹೋಗಬಹುದು, ಹೋಗದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಅಲ್ಲಿಂದ ನೇರವಾಗಿ ಗಾಡಿಯ ಹತ್ತಿರ ಹೋದೆ. ಸೆನ್ಸರಿನ ತಂತಿ ಕತ್ತರಿಸಿ ಬೇರೆ ಕಡೆ ಜೋಡಿಸಿದ್ದರು. ಕಿಂಡಿಯಲ್ಲಿ ಅದೇ ಚಿಂದಿ. ನಾನು ಕೆಂಪು ಪೆನ್ನಿನಲ್ಲಿ ಬರೆದದ್ದರ ಮೇಲೆ ‘ಶುಭ ಯಾತ್ರೆ’ ಎಂಬ ಸ್ಟಿಕ್ಕರ್. ಬಸವರಾಜ ಹಿಂದೆಯೇ ಬಂದು, ಮುದುಕಿಗೆ ಮೊದಲೇ ಬಿ.ಪಿ. ಇತ್ತು, ನೀನೂ ಹಾಗೇ ಹೇಳು ಎಂದ. ಅವನ ಬಾಯಿಂದ ಏಲಕ್ಕಿ ವಾಸನೆ ಬರುತ್ತಿತ್ತು. ನಾವು ಎತ್ತಿ ಆಡಿಸಿದ ಕೂಸು, ಅಕ್ಕಾ, ಅವನ ಮುಖ ನೋಡಿ ನನಗೆ ಓಕರಿಕೆ ಬಂತು. ಗಾಡಿಯ ಮಗ್ಗುಲಿಗೆ ಹೋಗಿ ನಿಜವಾಗಿಯೂ ವಾಂತಿ ಮಾಡಿಕೊಂಡೆ.

ಇವತ್ತು ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗಿ ಕಂಡದ್ದನ್ನೆಲ್ಲ ಬರೆದು ಸಹಿ ಮಾಡಿಬಂದೆ. ನಾನು ಬರ್ನರ್ ಬಿಟ್ಟು ಬಂದದ್ದನ್ನೂ, ಯಾರಿಗೂ ಹೇಳದೆ ಸುಮ್ಮನಿದ್ದುದನ್ನೂ ಬರೆದಿದ್ದೇನೆ. ನನ್ನನ್ನು ಬೈಯಬೇಕೆನಿಸಿದರೆ ಬೈ, ಆದರೆ ಒಂದು ಸಲ ಬಂದು ಪಾರ್ವತಿಬಾಯಿಯವರ ಪಕ್ಕ ಕೂತು ಆಮೇಲೆ ಬೈ.

ಭಾವನವರಿಗೆ ನನ್ನ ನಮಸ್ಕಾರ. ನಿನ್ನ ಕಾಲಿಗೆ ಬಿದ್ದು ಮುಗಿಸುತ್ತೇನೆ. ಕಾಲು ಜೋಪಾನ.

ನಿನ್ನ ತಂಗಿ,
ಉಷಾ

ತಾ.ಕ.: ಲಕೋಟೆ ಅಂಟಿಸುವಾಗ ಬಸವರಾಜನ ಹೆಂಡತಿ ಶಿವದೇವಿ ಫೋನ್ ಮಾಡಿದಳು. ಅವನು ಬಟ್ಟೆ ತುಂಬಿಕೊಂಡು ಗುಲ್ಬರ್ಗಾದ ರೈಲು ಹತ್ತಿದ್ದಾನಂತೆ, ನಿಮ್ಮಲ್ಲಿಗೇ. ನಿಮ್ಮ ಫೋನ್ ಹತ್ತುತ್ತಿಲ್ಲ. ನೆರೆಮನೆಯ ಜಯಮ್ಮ ನಿಮ್ಮೂರಿನ ಬಸ್ಸಿಗೆ ಹೊರಟು ಬಾಗಿಲಲ್ಲೇ ನಿಂತಿದ್ದಾಳೆ, ಈ ಪತ್ರ ಅವಳ ಕೈಯಲ್ಲೇ ಕೊಡುತ್ತಿದ್ದೇನೆ. ಹಸಿದು ಬಂದಿರುತ್ತಾನೆ, ಊಟ ಹಾಕು. ಬಚ್ಚಿಡಬೇಡ. ನಾಳೆ ಬೆಳಗಿನ ರೈಲಿಗೆ ಭಾವನವರೇ ನಿಂತು ಹತ್ತಿಸಲಿ. ಬೇಗಂಪೇಟೆ ಸ್ಟೇಷನ್ನಿನಲ್ಲಿ ನಾನು ಕಾಯುತ್ತಿರುತ್ತೇನೆ. ಠಾಣೆಗೆ ಅವನೊಬ್ಬನನ್ನೇ ಕಳಿಸುವುದಿಲ್ಲ, ಜೊತೆಗೆ ಹೋಗುತ್ತೇನೆ ಎಂದು ಅವನಿಗೆ ಹೇಳು.